ಜ್ವಾಲೆಯ ಬಣ್ಣ ಓದಿದ ಬುನ್ಸೆನ್

ಮಕ್ಕಳೇ, ಸಾರು ಉಕ್ಕಿ ಗ್ಯಾಸ್ ಒಲೆಯ ಮೇಲೆ ಚೆಲ್ಲಿದಾಗ ನೀಲಿ ಜ್ವಾಲೆ ತಟ್ಟನೆ ಹಳದಿಯಾಗುವುದನ್ನು ನೋಡಿದ್ದೀರಾ? ಅಡುಗೆ ಉಪ್ಪಿನಲ್ಲಿರುವ ಸೋಡಿಯಂ ಇದಕ್ಕೆ ಕಾರಣ. ಹೀಗೆ ಜ್ವಾಲೆಯನ್ನು ನೋಡಿ ಲೋಹವನ್ನು ಗುರುತಿಸುವ ವಿಧಾನಕ್ಕೆ ಹೊಸ ದಾರಿ ತೋರಿಸಿದವರು ಜರ್ಮನಿಯ ರಸಾಯನ ವಿಜ್ಞಾನಿ ರಾಬರ್ಟ್ ಬುನ್ಸೆನ್.

ಬುನ್ಸೆನ್ 1811ರಲ್ಲಿ ಗೊಟಿಂಗೆನ್ ನಗರದಲ್ಲಿ ಹುಟ್ಟಿದರು. ಯುವಕರಾಗಿದ್ದಾಗ ಆರ್ಸೆನಿಕ್ ಸೇರಿದ ವಿಷವಸ್ತುಗಳ ಮೇಲೆ ಪ್ರಯೋಗ ಮಾಡುತ್ತಿದ್ದರು. ಒಮ್ಮೆ ಪ್ರಯೋಗದ ಪಾತ್ರೆ ಸಿಡಿದು ಗಾಜಿನ ಚೂರು ಅವರ ಬಲಗಣ್ಣಿಗೆ ಹೊಕ್ಕಿತು. ಆ ಕಣ್ಣಿನ ದೃಷ್ಟಿ ಹೋಯಿತು. ವಿಷದ ಗಾಳಿ ಸೇವಿಸಿ ಪ್ರಾಣಕ್ಕೂ ಅಪಾಯ ಬಂದಿತ್ತು. ಆದರೂ ಅವರು ಪ್ರಯೋಗಾಲಯ ಬಿಡಲಿಲ್ಲ. 1852ರಲ್ಲಿ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು.

ಒಂದು ದ್ರಾವಣದಲ್ಲಿ ಯಾವ ಯಾವ ಲೋಹಗಳಿವೆ ಎಂದು ತಿಳಿಯುವುದು ಹೇಗೆ? ಲವಣ ನೀರಿನಲ್ಲಿ ಕರಗಿದಾಗ ಅದರ ಲೋಹ ಅಯಾನುಗಳಾಗಿ ಹರಡಿರುತ್ತದೆ. ಅಯಾನು ಎಂದರೆ ವಿದ್ಯುದಂಶ ಹೊತ್ತ ಅತಿ ಚಿಕ್ಕ ಕಣ. ತಕ್ಕ ರಾಸಾಯನಿಕ ಬೆರೆಸಿದರೆ ಕೆಲವು ಅಯಾನುಗಳು ಕರಗದ ಪುಡಿಯಾಗಿ ತಳಕ್ಕೆ ಇಳಿಯುತ್ತವೆ. ಈ ಪುಡಿಗೆ ಪ್ರಕ್ಷೇಪ ಎಂದು ಹೆಸರು. ಅದನ್ನು ಸೋಸಿ ತೆಗೆದು, ಉಳಿದ ದ್ರಾವಣವನ್ನು ಮತ್ತೆ ಪರೀಕ್ಷಿಸಬೇಕು. ಹೀಗೆ ಒಂದೊಂದನ್ನೇ ಪತ್ತೆ ಮಾಡುವುದೇ ಗುಣಾತ್ಮಕ ವಿಶ್ಲೇಷಣೆ.

ಜ್ವಾಲೆಯೂ ಈ ಕೆಲಸದಲ್ಲಿ ನೆರವಾಗುತ್ತದೆ. ದ್ರಾವಣದಲ್ಲಿ ಅದ್ದಿದ ಪ್ಲಾಟಿನಂ ತಂತಿಯನ್ನು ಜ್ವಾಲೆಗೆ ಹಿಡಿದರೆ ಪೊಟ್ಯಾಸಿಯಂ ತಿಳಿ ನೇರಳೆ ಬಣ್ಣವನ್ನೂ ತಾಮ್ರ ಹಸಿರು ಬಣ್ಣವನ್ನೂ ಕೊಡುತ್ತವೆ. ಆದರೆ ಜ್ವಾಲೆಗೇ ಬಣ್ಣವಿದ್ದರೆ ಇವು ಸರಿಯಾಗಿ ಕಾಣವು. ಆದ್ದರಿಂದ ಬುನ್ಸೆನ್, ಅನಿಲವು ಉರಿಯುವ ಮೊದಲೇ ಗಾಳಿಯೊಡನೆ ಬೆರೆಯುವಂಥ ದೀಪವನ್ನು 1855ರಲ್ಲಿ ರೂಪಿಸಿದರು. ಉಪಕರಣ ತಯಾರಕ ಪೀಟರ್ ಡೆಸಾಗಾ ಅದನ್ನು ಮಾಡಿಕೊಟ್ಟರು. ಅದರ ಜ್ವಾಲೆಗೆ ಬಹುತೇಕ ಬಣ್ಣವೇ ಇರಲಿಲ್ಲ. ಅದೇ ಬುನ್ಸೆನ್ ದೀಪ.

ಇನ್ನೊಂದು ತೊಡಕು ಉಳಿದಿತ್ತು. ಲಿಥಿಯಂ, ಸ್ಟ್ರಾಂಷಿಯಂ ಎರಡೂ ಕೆಂಪು ಜ್ವಾಲೆ ಕೊಡುತ್ತವೆ. ಬರಿಗಣ್ಣಿನಿಂದ ನೋಡಿ ಇವನ್ನು ಬೇರ್ಪಡಿಸುವುದು ಕಷ್ಟ. ಜ್ವಾಲೆಯ ಬೆಳಕನ್ನು ಗಾಜಿನ ಅಶ್ರಗದ ಮೂಲಕ ಹಾಯಿಸಿ ನೋಡೋಣ ಎಂದು ಸಹೋದ್ಯೋಗಿ ಗುಸ್ತಾವ್ ಕಿರ್ಕಾಫ್ ಸೂಚಿಸಿದರು. ಇಬ್ಬರೂ ಸೇರಿ ರೋಹಿತದರ್ಶಕವನ್ನು ಕಟ್ಟಿದರು. ಅದರಲ್ಲಿ ಪ್ರತಿಯೊಂದು ಲೋಹವೂ ತನ್ನದೇ ಆದ ಬಣ್ಣದ ಗೆರೆಗಳನ್ನು ತೋರಿಸಿತು. ಯಾವುದೇ ಎರಡು ಲೋಹಗಳ ಗೆರೆಗಳ ಜೋಡಣೆ ಒಂದೇ ಆಗಿರಲಿಲ್ಲ.

1860ರಲ್ಲಿ ಡರ್ಕ್‌ಹೈಮ್ ಎಂಬ ಊರಿನ ಚಿಲುಮೆಯ ಖನಿಜಯುಕ್ತ ನೀರನ್ನು ಅವರು ಪರೀಕ್ಷಿಸಿದರು. ಮೊದಲು ಕ್ಯಾಲ್ಸಿಯಂ, ಸ್ಟ್ರಾಂಷಿಯಂ, ಮೆಗ್ನೀಸಿಯಂಗಳನ್ನು ಬೇರ್ಪಡಿಸಿ ತೆಗೆದರು. ಉಳಿದ ದ್ರಾವಣದ ಹನಿಯನ್ನು ಜ್ವಾಲೆಗೆ ಹಿಡಿದಾಗ ಪರಿಚಿತ ಗೆರೆಗಳ ಜೊತೆಗೆ ಎರಡು ನೀಲಿ ಗೆರೆಗಳು ಹೊಳೆದವು. ಸ್ಟ್ರಾಂಷಿಯಂಗೂ ಒಂದು ನೀಲಿ ಗೆರೆ ಇದೆ. ಆದರೆ ಅದನ್ನು ಆಗಲೇ ತೆಗೆದಾಗಿತ್ತಲ್ಲ! ಹಾಗಾದರೆ ಇದು ಯಾರಿಗೂ ತಿಳಿಯದ ಧಾತುವೇ ಇರಬೇಕು. ಲ್ಯಾಟಿನ್ ಭಾಷೆಯಲ್ಲಿ ಆಕಾಶ ನೀಲಿ ಎಂಬರ್ಥದ ಪದದಿಂದ ಅದಕ್ಕೆ ಸೀಸಿಯಂ ಎಂದು ಹೆಸರಿಟ್ಟರು. ಸುಮಾರು 44,000 ಲೀಟರ್ ನೀರನ್ನು ಬತ್ತಿಸಿದ ಮೇಲೆ ದೊರೆತ ಸೀಸಿಯಂ ಕ್ಲೋರೈಡ್ ಸುಮಾರು 7 ಗ್ರಾಂ ಮಾತ್ರ! ಮರುವರ್ಷ ಕಡುಗೆಂಪು ಗೆರೆಗಳನ್ನು ತೋರಿಸುವ ರುಬಿಡಿಯಂ ಧಾತುವನ್ನೂ ಕಂಡುಹಿಡಿದರು.

ಬುನ್ಸೆನ್ ತಮ್ಮ ದೀಪಕ್ಕೆ ಪೇಟೆಂಟ್ ಪಡೆಯಲಿಲ್ಲ. ಆದ್ದರಿಂದ ಅದನ್ನು ಯಾರು ಬೇಕಾದರೂ ತಯಾರಿಸಿ ಬಳಸಬಹುದಾಗಿತ್ತು. 1899ರಲ್ಲಿ, 88ನೇ ವಯಸ್ಸಿನಲ್ಲಿ ಅವರು ನಿಧನರಾದರು.

ಇಂದಿಗೂ ಕಾಲೇಜು ವಿದ್ಯಾರ್ಥಿಗಳು ಅಪರಿಚಿತ ಲವಣವನ್ನು ಪ್ರಕ್ಷೇಪ ಮತ್ತು ಜ್ವಾಲೆಯ ಬಣ್ಣ ನೋಡಿಯೇ ಗುರುತಿಸಲು ಕಲಿಯುತ್ತಾರೆ. ಮುಂದೆ ನೀವೂ ಈ ಪ್ರಯೋಗ ಮಾಡುವಿರಿ. ಆಗ ಶಿಕ್ಷಕರ ಎದುರಿನಲ್ಲೇ ಮಾಡಿ. ರಕ್ಷಣಾ ಕನ್ನಡಕ ಧರಿಸುವುದನ್ನು ಮಾತ್ರ ಮರೆಯಬೇಡಿ.