ತಪ್ಪು ಹಿಡಿಯುವ ವಿದ್ಯೆಗೆ ದಾರಿ ತೋರಿದ ಟ್ಯೂರಿಂಗ್

ಬೀದರ್ ನಗರದ ಗುರುನಾನಕ್ ದೇವ್ ಎಂಜಿನಿಯರಿಂಗ್ ಕಾಲೇಜಿನಲ್ಲಾಗಲಿ, ಭಾಲ್ಕಿಯ ಭೀಮಣ್ಣ ಖಂಡ್ರೆ ತಾಂತ್ರಿಕ ಸಂಸ್ಥೆಯಲ್ಲಾಗಲಿ ಕಂಪ್ಯೂಟರ್ ವಿಜ್ಞಾನ ಓದುವವರಿಗೆ ಟ್ಯೂರಿಂಗ್ ಯಂತ್ರದ ಪಾಠ ತಪ್ಪಿದ್ದಲ್ಲ. ಆದರೆ ಔರಾದ್‌ನ ಹಳ್ಳಿಯಿಂದ ಹೊರಟು ಬೆಂಗಳೂರು, ಹೈದರಾಬಾದ್‌ಗಳ ಸಾಫ್ಟ್‌ವೇರ್ ಕಂಪನಿ ಸೇರುವ ತರುಣರು ನಿತ್ಯ ನಡೆಸುವ ಪರೀಕ್ಷಾ ಕಾರ್ಯಕ್ಕೂ ಅದೇ ಗಣಿತಜ್ಞ ಅಂದೇ ದಾರಿ ತೋರಿದ್ದರು ಎಂಬುದು ಹೆಚ್ಚಿನವರಿಗೆ ತಿಳಿಯದ ಸಂಗತಿ.

ಅಲನ್ ಟ್ಯೂರಿಂಗ್ ಜನಿಸಿದ್ದು 1912ರ ಜೂನ್ 23ರಂದು, ಲಂಡನ್‌ನಲ್ಲಿ. ತಂದೆ ಜೂಲಿಯಸ್ ಮದ್ರಾಸ್ ಪ್ರಾಂತ್ಯದ ಐಸಿಎಸ್ ಅಧಿಕಾರಿ. ಆಗ ಆ ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿಯಲ್ಲೂ ಸೇವೆ ಸಲ್ಲಿಸಿದ್ದರು. ತಾಯಿ ಎಥೆಲ್ ಸಾರಾ ಹುಟ್ಟಿದ್ದು ಕೊಯಮತ್ತೂರು ಬಳಿಯ ಪೋದನೂರಿನಲ್ಲಿ. ಹೆತ್ತವರು ಭಾರತದಲ್ಲಿದ್ದುದರಿಂದ ಬಾಲಕನ ಬಾಲ್ಯ ಬಹುಪಾಲು ಇಂಗ್ಲೆಂಡಿನಲ್ಲಿ ಪರರ ಮನೆಯಲ್ಲಿಯೇ ಕಳೆಯಿತು.

ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನಲ್ಲಿದ್ದಾಗ, 1936ರಲ್ಲಿ, ಯಾವ ಲೆಕ್ಕವನ್ನಾದರೂ ಸೂಚನೆಯಂತೆ ಮಾಡಬಲ್ಲ ಸಾರ್ವತ್ರಿಕ ಯಂತ್ರದ ಕಲ್ಪನೆಯನ್ನು ಅವರು ಮಂಡಿಸಿದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ಲೆಚ್ಲಿ ಪಾರ್ಕ್‌ನಲ್ಲಿ ಜರ್ಮನರ ಎನಿಗ್ಮಾ ಸಂಕೇತಗಳನ್ನು ಭೇದಿಸುವಲ್ಲಿ ಪ್ರಮುಖ ಪಾತ್ರ ವಹಿಸಿದರು. ಯುದ್ಧಾನಂತರ ನೈಜ ಕಂಪ್ಯೂಟರ್‌ಗಳ ನಿರ್ಮಾಣಕ್ಕೆ ಮನಸ್ಸು ಕೊಟ್ಟು, 1948ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯ ಸೇರಿದರು.

ಯಂತ್ರ ಬಂದೊಡನೆ ಹೊಸ ಚಿಂತೆಯೂ ಬಂತು. ಪ್ರೋಗ್ರಾಂ ಸರಿಯಾಗಿದೆಯೆಂದು ನಂಬುವುದು ಹೇಗೆ? 1949ರ ಜೂನ್‌ನಲ್ಲಿ ಕೇಂಬ್ರಿಜ್ ಸಮ್ಮೇಳನದಲ್ಲಿ ಓದಿದ ಪುಟ್ಟ ಪ್ರಬಂಧದಲ್ಲಿ ಟ್ಯೂರಿಂಗ್ ಇದಕ್ಕೆ ಉತ್ತರ ಕೊಟ್ಟರು. ಶಾಲೆಯ ಸಂಕಲನವನ್ನೇ ಅವರು ಉದಾಹರಣೆಗೆ ತೆಗೆದುಕೊಂಡರು. ಕೊನೆಯ ಮೊತ್ತವನ್ನಷ್ಟೇ ಬರೆದರೆ ಇಡೀ ಲೆಕ್ಕವನ್ನು ಒಂದೇ ಬಾರಿಗೆ ಪರಿಶೀಲಿಸಬೇಕು; ಪ್ರತಿ ಸಾಲಿನ ಮೊತ್ತವನ್ನೂ ದಶಕವನ್ನೂ ಬೇರೆಯಾಗಿ ಬರೆದಿಟ್ಟರೆ ಒಂದೊಂದನ್ನೂ ಸ್ವತಂತ್ರವಾಗಿ ತಾಳೆ ನೋಡಬಹುದು. ಅಂತೆಯೇ ಪ್ರೋಗ್ರಾಂನ ಆಯಾ ಹಂತದಲ್ಲಿ ಏನು ನಿಜವಾಗಿರಬೇಕೆಂದು ಬರೆದಿಟ್ಟರೆ, ಆ ಸಣ್ಣ ಸಣ್ಣ ಹೇಳಿಕೆಗಳ ಪರಿಶೀಲನೆಯಿಂದಲೇ ಇಡೀ ಪ್ರೋಗ್ರಾಂನ ಸತ್ಯಾಸತ್ಯತೆ ತಿಳಿಯುತ್ತದೆ ಎಂಬುದು ಅವರ ವಾದವಾಗಿತ್ತು.

ಇಂದಿನ ಸಾಫ್ಟ್‌ವೇರ್ ಉದ್ಯಮಕ್ಕೂ ಈ ವಿವೇಕ ಹೊರತಲ್ಲ. ಪ್ರೋಗ್ರಾಂ ಹಾಗೂ ಅದಕ್ಕೆ ಬೇಕಾದ ಪರಿಕರಗಳನ್ನು ಒಂದೇ ಕಂಟೇನರ್‌ನಲ್ಲಿ ಕಟ್ಟುವ ಪದ್ಧತಿ, 2013ರಲ್ಲಿ ಡಾಕರ್ ಬಂದ ಬಳಿಕ, ವ್ಯಾಪಕವಾಯಿತು. ಆದರೆ ಪರಿಕರಗಳ ಆವೃತ್ತಿಯನ್ನು ಖಚಿತವಾಗಿ ನಮೂದಿಸದಿದ್ದರೆ ನಿನ್ನೆ ಸಿದ್ಧವಾದ ಕಂಟೇನರ್ ಇಂದು ಸಿದ್ಧವಾಗದೆ ಹೋಗಬಹುದು. ಒಂದು ಪರೀಕ್ಷೆ ಉಳಿಸಿಹೋದ ದತ್ತಾಂಶವನ್ನು ಮತ್ತೊಂದು ನೆಚ್ಚಿಕೊಂಡರೆ, ಫಲಿತಾಂಶ ಒಮ್ಮೆ ಸರಿ, ಒಮ್ಮೆ ತಪ್ಪು. ಪ್ರತಿ ಪರೀಕ್ಷೆಯೂ ತನ್ನಷ್ಟಕ್ಕೆ ತಾನು ನಿಲ್ಲಬೇಕೆಂಬ ಇಂದಿನ ನಿಯಮಕ್ಕೂ ಸಾಲುಸಾಲಾಗಿ ತಾಳೆ ನೋಡುವ ಟ್ಯೂರಿಂಗ್ ಕ್ರಮಕ್ಕೂ ಇರುವ ಹೋಲಿಕೆ ಗಮನಾರ್ಹ.

ಆದರೆ ಆ ದೇಶ ಅವರನ್ನು ನಡೆಸಿಕೊಂಡ ರೀತಿ ನೋವಿನದು. ಸಲಿಂಗ ಸಂಬಂಧ ಅಪರಾಧವಾಗಿದ್ದ ಕಾಲವದು. 1952ರಲ್ಲಿ ನ್ಯಾಯಾಲಯ ಅವರನ್ನು ದೋಷಿಯೆಂದಿತು. ಸೆರೆವಾಸದ ಬದಲು ಹಾರ್ಮೋನ್ ಚಿಕಿತ್ಸೆಗೆ ಒಳಗಾಗಬೇಕಾಯಿತು. 1954ರ ಜೂನ್ 7ರಂದು, 41ನೇ ವಯಸ್ಸಿನಲ್ಲಿ, ಸೈನೈಡ್‌ನಿಂದ ಮೃತಪಟ್ಟರು; ವಿಚಾರಣೆ ಅದನ್ನು ಆತ್ಮಹತ್ಯೆ ಎಂದು ತೀರ್ಮಾನಿಸಿತು. ಮರಣೋತ್ತರ ಕ್ಷಮಾದಾನ ದೊರೆತದ್ದು 2013ರಲ್ಲಿ.

ತಪ್ಪು ಹಿಡಿಯುವ ಬಗೆಯನ್ನು ಹೇಳಿದ ಆ ಪ್ರಬಂಧವೇ ಮುದ್ರಣದಲ್ಲಿ ತಪ್ಪುಗಳಿಂದ ತುಂಬಿ ಬಹುಕಾಲ ಮರೆವಿಗೆ ಸಂದಿತ್ತು. 1984ರಲ್ಲಿ ಇಬ್ಬರು ವಿದ್ವಾಂಸರು ಅದನ್ನು ತಿದ್ದಿ ಪ್ರಕಟಿಸಿದರು. ಅಷ್ಟರಲ್ಲಿ ಇತರರು ಅದೇ ದಾರಿಯನ್ನು ಹೊಸದಾಗಿ ಕಂಡುಕೊಂಡಿದ್ದರು.