ಟಿ. ಎಂ. ಎ. ಪೈ

ಡಾ. ತೋನ್ಸೆ ಮಾಧವ ಅನಂತ ಪೈ (30 ಏಪ್ರಿಲ್ 1898 – 29 ಮೇ 1979) ಕರ್ನಾಟಕದ ಕರಾವಳಿಯ ವೈದ್ಯರು, ಬ್ಯಾಂಕ್ ಸಂಸ್ಥಾಪಕರು ಹಾಗೂ ಶಿಕ್ಷಣ ಪ್ರವರ್ತಕರು. ಸಿಂಡಿಕೇಟ್ ಬ್ಯಾಂಕಿನ ಮೂವರು ಸ್ಥಾಪಕರಲ್ಲಿ ಅವರೂ ಒಬ್ಬರು. 1928ರಲ್ಲಿ ಈ ಬ್ಯಾಂಕು ಆರಂಭಿಸಿದ ಪಿಗ್ಮಿ ಠೇವಣಿ ಯೋಜನೆಯು ದಿನದ ಗಳಿಕೆಯಲ್ಲಿ ಬದುಕುವ ಜನರ ಉಳಿತಾಯಕ್ಕೆ ದಾರಿ ಮಾಡಿಕೊಟ್ಟಿತು. ಅವರು ಕಟ್ಟಿದ ಶಿಕ್ಷಣ ಸಂಸ್ಥೆಗಳಿಂದಾಗಿ ಉಡುಪಿಯ ಸಮೀಪದ ಮಣಿಪಾಲವು ವಿಶ್ವವಿದ್ಯಾಲಯದ ಪಟ್ಟಣವಾಗಿ ಬೆಳೆಯಿತು. ಬಳಸುವವರ ಬದುಕನ್ನು ಮೊದಲು ಗಮನಿಸಿ, ಆಮೇಲೆ ಪರಿಹಾರವನ್ನು ರೂಪಿಸುವ ವಿನ್ಯಾಸ ಚಿಂತನೆ (ಡಿಸೈನ್ ಥಿಂಕಿಂಗ್) ಎಂಬ ವಿಧಾನಕ್ಕೆ ಅವರ ಕಾರ್ಯಗಳನ್ನು ಉದಾಹರಣೆಯಾಗಿ ನೋಡಬಹುದಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಮಾಧವ ಪೈಯವರು ಉಡುಪಿಯ ಸಮೀಪದ ಕಲ್ಯಾಣಪುರದಲ್ಲಿ ಕೊಂಕಣಿ ಮಾತನಾಡುವ ಗೌಡ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ ಜನಿಸಿದರು. ಆಗ ಈ ಪ್ರದೇಶವು ಮದರಾಸು ಪ್ರಾಂತ್ಯದ ದಕ್ಷಿಣ ಕೆನರಾ ಜಿಲ್ಲೆಗೆ ಸೇರಿತ್ತು. ಜಿಲ್ಲಾ ಕೇಂದ್ರ ಮಂಗಳೂರಾಗಿತ್ತು. ವೈದ್ಯ ಪದವಿಯ ವ್ಯಾಸಂಗಕ್ಕೆ ಮದರಾಸಿಗೆ ಹೋಗಬೇಕಾಗಿತ್ತು. ಪೈಯವರು ಮದರಾಸು ವೈದ್ಯಕೀಯ ಕಾಲೇಜಿನಲ್ಲಿ ವೈದ್ಯ ಪದವಿಯನ್ನು ಪಡೆದು ಊರಿಗೆ ಮರಳಿ ವೈದ್ಯ ವೃತ್ತಿಯನ್ನು ಕೈಗೊಂಡರು.

ರೋಗಿಗಳ ಒಡನಾಟವು ಅವರ ಮುಂದಿನ ಕಾರ್ಯಗಳಿಗೆ ತಳಹದಿಯಾಯಿತು. ಅನಾರೋಗ್ಯ, ಅನಕ್ಷರತೆ ಮತ್ತು ಬಡತನ ಇವು ಮೂರೂ ಒಂದಕ್ಕೊಂದು ಹೆಣೆದುಕೊಂಡಿವೆ, ಔಷಧಿಯೊಂದರಿಂದಲೇ ಇವು ನೀಗುವುದಿಲ್ಲ ಎಂಬುದು ಅವರ ನಿಲುವಾಗಿತ್ತು. ಅವರು ಸ್ಥಾಪಿಸಿದ ಬ್ಯಾಂಕು, ಶಾಲಾ ಕಾಲೇಜು ಹಾಗೂ ಆಸ್ಪತ್ರೆಗಳನ್ನು ಈ ಮೂರು ಸಮಸ್ಯೆಗಳಿಗೆ ನೀಡಿದ ಮೂರು ಉತ್ತರಗಳೆಂದು ಹೇಳಬಹುದು.

ಬ್ಯಾಂಕಿನ ಸ್ಥಾಪನೆ

1920ರ ದಶಕದಲ್ಲಿ ಕರಾವಳಿಯ ಕೈಮಗ್ಗದ ಉದ್ಯಮವು ತೀವ್ರ ಬಿಕ್ಕಟ್ಟಿಗೆ ಸಿಲುಕಿತ್ತು. ನೇಕಾರರಿಗೆ ನೂಲು ಕೊಳ್ಳಲು ಬಂಡವಾಳ ಬೇಕಾಗಿತ್ತು. ಅಡವಿಡಲು ಆಸ್ತಿಯಿಲ್ಲದವರಿಗೆ ಬಡ್ಡಿ ವ್ಯಾಪಾರಿಯ ಹೊರತು ಬೇರೆ ಆಸರೆ ಇರಲಿಲ್ಲ. ಈ ಸನ್ನಿವೇಶದಲ್ಲಿ ಮಾಧವ ಪೈಯವರು, ಅವರ ಅಣ್ಣ ಹಾಗೂ ವ್ಯಾಪಾರಿ ಉಪೇಂದ್ರ ಅನಂತ ಪೈ ಮತ್ತು ಇಂಜಿನಿಯರ್ ವಾಮನ ಕುಡ್ವ ಸೇರಿ 1925ರಲ್ಲಿ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಆರಂಭದ ಬಂಡವಾಳ 8,000 ರೂಪಾಯಿ. ಸಣ್ಣ ಉಳಿತಾಯಗಳನ್ನು ಒಟ್ಟುಗೂಡಿಸಿ, ಆ ಹಣದಿಂದ ನೇಕಾರರಿಗೆ ನೆರವಾಗುವುದು ಸಂಸ್ಥೆಯ ಉದ್ದೇಶವಾಗಿತ್ತು.

ಪಿಗ್ಮಿ ಠೇವಣಿ

ಸಣ್ಣ ಉಳಿತಾಯವನ್ನು ಸಂಗ್ರಹಿಸುವುದು ಸುಲಭವಾಗಿರಲಿಲ್ಲ. ಬಡವರ ಬಳಿ ಉಳಿಸಲು ಹಣವೇ ಇಲ್ಲ ಎಂಬುದು ಸಾಮಾನ್ಯ ನಂಬಿಕೆಯಾಗಿತ್ತು. ನೇಕಾರರು, ಕೂಲಿಕಾರರು, ಸಣ್ಣ ಅಂಗಡಿಯವರು ಮತ್ತು ಮೀನು, ತರಕಾರಿ ಮಾರುವವರ ಕೈಗೆ ಹಣ ಬರುತ್ತಿದ್ದುದು ತಿಂಗಳಿಗೊಮ್ಮೆಯಲ್ಲ, ದಿನಕ್ಕೆ ಇಷ್ಟಿಷ್ಟರಂತೆ. ಸಂಜೆಯ ಹೊತ್ತಿಗೆ ಮಿಕ್ಕ ಒಂದೆರಡು ಆಣೆ ಮರುದಿನದವರೆಗೆ ಉಳಿಯುತ್ತಿರಲಿಲ್ಲ. ಅಷ್ಟು ಚಿಕ್ಕ ಮೊತ್ತವನ್ನು ಕಟ್ಟಲು ದಿನದ ದುಡಿಮೆಯನ್ನು ಬಿಟ್ಟು ಬ್ಯಾಂಕಿಗೆ ನಡೆದು ಹೋಗುವುದು ಯಾರಿಗೂ ಗಿಟ್ಟುವ ಮಾತಾಗಿರಲಿಲ್ಲ.

1928ರಲ್ಲಿ ಬ್ಯಾಂಕು ಈ ಕ್ರಮವನ್ನು ತಿರುವುಮುರುವು ಮಾಡಿತು. ಗ್ರಾಹಕರು ಬ್ಯಾಂಕಿಗೆ ಬರುವ ಬದಲು ಬ್ಯಾಂಕಿನ ಪ್ರತಿನಿಧಿಯೇ ದಿನವೂ ಅವರ ಮನೆ ಅಥವಾ ಅಂಗಡಿಯ ಬಾಗಿಲಿಗೆ ಹೋಗಿ ಹಣವನ್ನು ಸಂಗ್ರಹಿಸುವ ವ್ಯವಸ್ಥೆ ಜಾರಿಗೆ ಬಂದಿತು. ದಿನಕ್ಕೆ ಎರಡು ಆಣೆಯಷ್ಟು ಕಡಿಮೆ ಮೊತ್ತವನ್ನೂ ಸ್ವೀಕರಿಸಲಾಗುತ್ತಿತ್ತು. ರೂಪಾಯಿಗೆ 16 ಆಣೆಯ ಲೆಕ್ಕದಲ್ಲಿ, ದಿನಕ್ಕೆ ಎರಡು ಆಣೆ ಕಟ್ಟಿದವರ ಖಾತೆಯಲ್ಲಿ 30 ದಿನಗಳಿಗೆ 3 ರೂಪಾಯಿ 12 ಆಣೆಯೂ, ವರ್ಷಕ್ಕೆ ಬಡ್ಡಿಯನ್ನು ಬಿಟ್ಟು 45 ರೂಪಾಯಿ 10 ಆಣೆಯೂ ಜಮೆಯಾಗುತ್ತಿತ್ತು. ಮೊತ್ತದ ಕಿರಿದುತನವನ್ನು ಸೂಚಿಸುವ ಪಿಗ್ಮಿ ಎಂಬ ಹೆಸರು ಯೋಜನೆಗೆ ಬಂದಿತು.

ಪ್ರತಿನಿಧಿಗೆ ಸಂಗ್ರಹಿಸಿದ ಮೊತ್ತದ ಮೇಲೆ ಕಮಿಷನ್ ದೊರೆಯುತ್ತಿತ್ತು. ಅವನು ಆ ಬೀದಿಯ ಜನರಿಗೆ ಪರಿಚಿತನಾಗಿರುತ್ತಿದ್ದುದರಿಂದ ಬ್ಯಾಂಕಿನ ಮೇಲಿನ ನಂಬಿಕೆಯೂ ಅವನ ಮೂಲಕವೇ ಬೆಳೆಯಿತು. ಕಾಲಕ್ರಮದಲ್ಲಿ ಇತರ ಬ್ಯಾಂಕುಗಳು ಹಾಗೂ ಸಹಕಾರಿ ಸಂಘಗಳು ಇಂತಹ ದೈನಂದಿನ ಠೇವಣಿಗಳನ್ನು ಆರಂಭಿಸಿದವು. ಪಿಗ್ಮಿ ಎಂಬ ಪದವು ಕನ್ನಡದಲ್ಲಿ ದಿನವಹಿ ಉಳಿತಾಯಕ್ಕೆ ಸಾಮಾನ್ಯ ಹೆಸರಾಗಿ ನೆಲೆನಿಂತಿತು. ಮಂಗಳೂರಿನ ಉರ್ವ ಮಾರುಕಟ್ಟೆಯಂತಹ ಸ್ಥಳಗಳಲ್ಲಿ ದಿನದ ವ್ಯಾಪಾರವನ್ನೇ ನೆಚ್ಚಿಕೊಂಡಿರುವ ಸಣ್ಣ ವ್ಯಾಪಾರಿಗಳು ಇಂತಹ ಯೋಜನೆಗೆ ಸಹಜ ಗ್ರಾಹಕರು.

ಬ್ಯಾಂಕಿನ ಮೊದಲ ಶಾಖೆಯೂ 1928ರಲ್ಲಿ ಬ್ರಹ್ಮಾವರದಲ್ಲಿ ಆರಂಭವಾಯಿತು. 1964ರಲ್ಲಿ ಸಂಸ್ಥೆಯ ಹೆಸರು ಸಿಂಡಿಕೇಟ್ ಬ್ಯಾಂಕ್ ಎಂದು ಬದಲಾಯಿತು. ಮಣಿಪಾಲ ಅದರ ಪ್ರಧಾನ ಕಚೇರಿಯಾಗಿತ್ತು. 19 ಜುಲೈ 1969ರಂದು ರಾಷ್ಟ್ರೀಕರಣಗೊಂಡ 14 ಬ್ಯಾಂಕುಗಳಲ್ಲಿ ಇದೂ ಒಂದು. 1 ಏಪ್ರಿಲ್ 2020ರಂದು ಇದು ಮಂಗಳೂರಿನಲ್ಲೇ ಹುಟ್ಟಿದ ಕೆನರಾ ಬ್ಯಾಂಕಿನೊಂದಿಗೆ ವಿಲೀನವಾಯಿತು.

ಮಣಿಪಾಲದ ಶಿಕ್ಷಣ ಸಂಸ್ಥೆಗಳು

ಉಡುಪಿಯ ಪೂರ್ವಕ್ಕಿರುವ ಮಣಿಪಾಲವು ಆ ಕಾಲದಲ್ಲಿ ಜನವಸತಿ ವಿರಳವಾಗಿದ್ದ ಮುರಕಲ್ಲಿನ ಬೋಳುಗುಡ್ಡವಾಗಿತ್ತು. ಪೈಯವರು 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಈ ಅಕಾಡೆಮಿಯ ಆಶ್ರಯದಲ್ಲಿ 1949ರಲ್ಲಿ ಉಡುಪಿಯ ಮಹಾತ್ಮ ಗಾಂಧಿ ಸ್ಮಾರಕ ಕಾಲೇಜು ಆರಂಭವಾಯಿತು. 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು, 1957ರಲ್ಲಿ ಇಂಜಿನಿಯರಿಂಗ್ ಕಾಲೇಜು ಸ್ಥಾಪನೆಗೊಂಡವು.

ಮಂಗಳೂರಿನ ವೆನ್‌ಲಾಕ್ ಆಸ್ಪತ್ರೆ

ವೈದ್ಯಕೀಯ ಕಾಲೇಜಿಗೆ ಎರಡು ಅಡ್ಡಿಗಳಿದ್ದವು. ಮೊದಲನೆಯದು ಹಣ. ಸರ್ಕಾರದ ಅನುದಾನವಿಲ್ಲದೆ, ವಿದ್ಯಾರ್ಥಿಗಳಿಂದ ಬರುವ ಹಣದಲ್ಲೇ ಕಾಲೇಜು ನಡೆಯಬೇಕಾಗಿತ್ತು. ಎರಡನೆಯದು ಆಸ್ಪತ್ರೆ. ರೋಗಿಗಳನ್ನು ನೋಡದೆ ವೈದ್ಯ ಶಿಕ್ಷಣ ಪೂರ್ಣವಾಗದು. ಆದರೆ ಮಣಿಪಾಲದಲ್ಲಿ ಬೋಧನೆಗೆ ತಕ್ಕ ದೊಡ್ಡ ಆಸ್ಪತ್ರೆ ಇರಲಿಲ್ಲ, ಅದನ್ನು ಕಟ್ಟಲು ವರ್ಷಗಳು ಬೇಕಾಗಿದ್ದವು.

ಸುಮಾರು 60 ಕಿ.ಮೀ. ದೂರದ ಮಂಗಳೂರಿನಲ್ಲಿ ವೆನ್‌ಲಾಕ್ ಸರ್ಕಾರಿ ಜಿಲ್ಲಾ ಆಸ್ಪತ್ರೆಯಿತ್ತು. ಅಲ್ಲಿ ರೋಗಿಗಳಿದ್ದರು, ಹಾಸಿಗೆಗಳಿದ್ದವು. ತಜ್ಞ ವೈದ್ಯರ ಅಗತ್ಯವಿತ್ತು. ಕಾಲೇಜಿಗೆ ವೈದ್ಯ ಅಧ್ಯಾಪಕರನ್ನು ನೇಮಿಸುವುದು ಸಾಧ್ಯವಿತ್ತು, ರೋಗಿಗಳಿರಲಿಲ್ಲ. ಒಬ್ಬರ ಕೊರತೆಯನ್ನು ಮತ್ತೊಬ್ಬರು ತುಂಬುವಂತೆ ಈ ಎರಡನ್ನೂ ಜೋಡಿಸಲಾಯಿತು. ಆರಂಭದ ವರ್ಷಗಳ ಪಾಠಗಳು ಮಣಿಪಾಲದಲ್ಲಿಯೂ, ರೋಗಿಗಳ ಬಳಿಯ ತರಬೇತಿಯು ವೆನ್‌ಲಾಕ್‌ನಲ್ಲಿಯೂ ನಡೆದವು. ಸರ್ಕಾರಿ ಆಸ್ಪತ್ರೆಯೊಂದಿಗೆ ಖಾಸಗಿ ಕಾಲೇಜು ಕೈಜೋಡಿಸಿದ ಈ ಏರ್ಪಾಡನ್ನು ಭಾರತದ ವೈದ್ಯ ಶಿಕ್ಷಣದಲ್ಲಿ ಸರ್ಕಾರಿ–ಖಾಸಗಿ ಸಹಭಾಗಿತ್ವದ ಮೊದಲ ಪ್ರಯೋಗಗಳಲ್ಲಿ ಒಂದೆಂದು ಪರಿಗಣಿಸಲಾಗುತ್ತದೆ. ಮಣಿಪಾಲದಲ್ಲಿ ಕಸ್ತೂರ್ಬಾ ಆಸ್ಪತ್ರೆ 1961ರಲ್ಲಿ ಆರಂಭವಾಯಿತು. ಅನಂತರವೂ ಮಂಗಳೂರಿನ ಸಂಬಂಧ ಮುಂದುವರಿದು, ಅಲ್ಲಿಯ ಕೇಂದ್ರವು ಪ್ರತ್ಯೇಕ ಕಸ್ತೂರ್ಬಾ ವೈದ್ಯಕೀಯ ಕಾಲೇಜಾಗಿ ಬೆಳೆಯಿತು.

ವಿನ್ಯಾಸ ಚಿಂತನೆಯ ದೃಷ್ಟಿಯಲ್ಲಿ

ವಿನ್ಯಾಸ ಚಿಂತನೆಯು ವ್ಯವಹಾರ ಕ್ಷೇತ್ರದಲ್ಲಿ ಹೆಸರಾದುದು 20ನೆಯ ಶತಮಾನದ ಕೊನೆಯ ಭಾಗದಲ್ಲಿ. ಪೈಯವರು ಪಿಗ್ಮಿಯನ್ನು ರೂಪಿಸಿದ ಕಾಲಕ್ಕೆ ಈ ಪದವು ಬಳಕೆಯಲ್ಲಿರಲಿಲ್ಲ. ಈ ವಿಧಾನದಲ್ಲಿ ಸಾಮಾನ್ಯವಾಗಿ ಐದು ಹಂತಗಳನ್ನು ಹೇಳಲಾಗುತ್ತದೆ: ಬಳಕೆದಾರರ ಬದುಕನ್ನು ಅರಿಯುವುದು, ಸಮಸ್ಯೆಯನ್ನು ಸರಿಯಾಗಿ ನಿರೂಪಿಸುವುದು, ಪರಿಹಾರಗಳನ್ನು ಕಲ್ಪಿಸುವುದು, ಚಿಕ್ಕ ಮಾದರಿಯನ್ನು ಮಾಡುವುದು ಮತ್ತು ಅದನ್ನು ಪರೀಕ್ಷಿಸುವುದು.

ಪಿಗ್ಮಿಯಲ್ಲಿ ಮುಖ್ಯವಾದುದು ಎರಡನೆಯ ಹಂತ. ಬಡವರು ಏಕೆ ಉಳಿಸುವುದಿಲ್ಲ ಎಂಬ ಪ್ರಶ್ನೆಗೆ ಉಪದೇಶವೇ ಉತ್ತರವಾಗುತ್ತಿತ್ತು. ದಿನಕ್ಕೆ ಎರಡು ಆಣೆ ಉಳಿಸಬಲ್ಲವರ ಬಳಿಗೆ ಬ್ಯಾಂಕು ಹೇಗೆ ತಲುಪಬೇಕು ಎಂದು ಪ್ರಶ್ನೆಯನ್ನು ಬದಲಿಸಿದಾಗ ವ್ಯವಸ್ಥೆಯೇ ಬದಲಾಗಬೇಕಾಯಿತು. ವೆನ್‌ಲಾಕ್ ಏರ್ಪಾಡಿನಲ್ಲಿಯೂ ಆಸ್ಪತ್ರೆಯನ್ನು ಕಟ್ಟುವುದು ಹೇಗೆ ಎಂಬುದಕ್ಕಿಂತ ವಿದ್ಯಾರ್ಥಿಗಳಿಗೆ ರೋಗಿಗಳ ಒಡನಾಟ ದೊರಕುವುದು ಹೇಗೆ ಎಂಬುದು ಮುಖ್ಯವಾಯಿತು.

ಟೀಕೆಗಳು ಮತ್ತು ವಿವಾದಗಳು

ಪಿಗ್ಮಿ ಯೋಜನೆಯು ಠೇವಣಿದಾರರ ಅನುಕೂಲವನ್ನು ಕೇಂದ್ರದಲ್ಲಿಟ್ಟುಕೊಂಡಿತ್ತು. ಬಿಸಿಲು ಮಳೆಯೆನ್ನದೆ ಬೀದಿ ಸುತ್ತುವ ಪ್ರತಿನಿಧಿಗಳು ಮಾತ್ರ ಕಮಿಷನ್ನನ್ನೇ ನೆಚ್ಚಿಕೊಂಡಿದ್ದರು. ಅವರು ಬ್ಯಾಂಕಿನ ನೌಕರರೇ ಅಥವಾ ಸ್ವತಂತ್ರ ಏಜೆಂಟರೇ ಎಂಬ ಪ್ರಶ್ನೆ ದೀರ್ಘಕಾಲದ ಕಾನೂನು ಹೋರಾಟಕ್ಕೆ ಕಾರಣವಾಯಿತು. 2001ರಲ್ಲಿ ಸುಪ್ರೀಂ ಕೋರ್ಟು ಠೇವಣಿ ಸಂಗ್ರಾಹಕರನ್ನು ಕೈಗಾರಿಕಾ ವಿವಾದಗಳ ಕಾಯ್ದೆಯ ಅರ್ಥದಲ್ಲಿ ಕಾರ್ಮಿಕರೆಂದು ಪರಿಗಣಿಸಿತು.

ವಿದ್ಯಾರ್ಥಿಗಳ ಹಣದಿಂದ ನಡೆಯುವ ವೃತ್ತಿಶಿಕ್ಷಣದ ಮಾದರಿಯೂ ಚರ್ಚೆಗೆ ಒಳಗಾಯಿತು. ಸರ್ಕಾರಕ್ಕೆ ಸಾಧ್ಯವಾಗದಿದ್ದಲ್ಲಿ ಈ ಮಾದರಿಯು ಕಾಲೇಜುಗಳನ್ನು ತಂದಿತು ಎಂಬುದು ಬೆಂಬಲಿಗರ ವಾದ. ಹಣವಿಲ್ಲದ ಪ್ರತಿಭಾವಂತರು ಹೊರಗುಳಿಯುತ್ತಾರೆ ಎಂಬುದು ಟೀಕಾಕಾರರ ವಾದ. ಪೈಯವರ ಹೆಸರಿನ ಪ್ರತಿಷ್ಠಾನವು ಕರ್ನಾಟಕ ಸರ್ಕಾರದ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠವು 31 ಅಕ್ಟೋಬರ್ 2002ರಂದು ತೀರ್ಪು ನೀಡಿತು. ಅನುದಾನರಹಿತ ಸಂಸ್ಥೆಗಳ ಸ್ವಾಯತ್ತತೆಯನ್ನು ಎತ್ತಿಹಿಡಿದ ಪೀಠವು, ಶಿಕ್ಷಣವು ಲಾಭಕೋರತನಕ್ಕೆ ಎಡೆಮಾಡಬಾರದು ಎಂದೂ ಸ್ಪಷ್ಟಪಡಿಸಿತು.

ಗೌರವಗಳು ಮತ್ತು ನಿಧನ

ಭಾರತ ಸರ್ಕಾರವು 1972ರಲ್ಲಿ ಪೈಯವರಿಗೆ ಪದ್ಮಶ್ರೀ ಪ್ರಶಸ್ತಿಯನ್ನು ನೀಡಿತು. 29 ಮೇ 1979ರಂದು ತಮ್ಮ 81ನೆಯ ವಯಸ್ಸಿನಲ್ಲಿ ಅವರು ನಿಧನರಾದರು. ಅವರ ಸ್ಮರಣಾರ್ಥ ಭಾರತೀಯ ಅಂಚೆ ಇಲಾಖೆಯು 1999ರಲ್ಲಿ ಅಂಚೆಚೀಟಿಯನ್ನು ಹೊರತಂದಿತು. ಮಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿರುವ ಸಮಾವೇಶ ಕೇಂದ್ರಕ್ಕೆ ಅವರ ಹೆಸರನ್ನು ಇಡಲಾಗಿದೆ. ಅವರು ಸ್ಥಾಪಿಸಿದ ಸಂಸ್ಥೆಗಳಿಂದ ರೂಪುಗೊಂಡ ಮಣಿಪಾಲ ಅಕಾಡೆಮಿ ಆಫ್ ಹೈಯರ್ ಎಜುಕೇಶನ್ 1993ರಲ್ಲಿ ಪರಿಗಣಿತ ವಿಶ್ವವಿದ್ಯಾಲಯದ ಸ್ಥಾನಮಾನವನ್ನು ಪಡೆಯಿತು.