ಅಲಿಗಢದ ಪೈಲ್ವಾನ್ ಹಮೀದಾ ಬಾನು

2024ರ ಮೇ 4ರಂದು ಗೂಗಲ್‌ನವರು ತಮ್ಮ ಮುಖಪುಟದಲ್ಲಿ ಕುಸ್ತಿ ಮಾಡುವ ಹೆಂಗಸೊಬ್ಬರ ಚಿತ್ರ ಹಾಕಿದ್ರು. ಮನೆಯಲ್ಲಿ ಮೊಬೈಲ್ ನೋಡಿ ಬಂದಿದ್ದ ನಮ್ಮ ಮದ್ರಸದ ಹುಡುಗಿಯೊಬ್ಬಳು, ಉಸ್ತಾದ್, ಇವರು ನಮ್ಮವರಂತೆ, ಯಾರು ಅಂತ ಕೇಳಿದಳು. ಶಿರಾದಲ್ಲಿ ಕುಳಿತು ಮಕ್ಕಳಿಗೆ ಪಾಠ ಹೇಳುವ ನಮಗೆ ಕುಸ್ತಿಯ ಗಂಧ ಇಲ್ಲ. ಆದರೆ ಆ ಹುಡುಗಿ ಉತ್ತರ ಸಿಗದೆ ಬಿಡುವವಳಲ್ಲ. ಹಾಗಾಗಿ ಓದಬೇಕಾಯ್ತು. ಓದಿದ ಮೇಲೆ ಬರೆಯದೆ ಇರಲಿಕ್ಕೆ ಆಗಲಿಲ್ಲ.

ಹೆಸರು ಹಮೀದಾ ಬಾನು. ಕಳೆದ ಶತಮಾನದ ಆರಂಭದಲ್ಲಿ, ಪೈಲ್ವಾನರ ಮನೆತನದಲ್ಲಿ ಹುಟ್ಟಿದವರು. ಉತ್ತರ ಪ್ರದೇಶದ ಮಿರ್ಜಾಪುರ ಅವರ ಊರು. ಅಲ್ಲಿಂದ ಅಲಿಗಢಕ್ಕೆ ಬಂದು ಸಲಾಂ ಪೈಲ್ವಾನ್ ಎಂಬವರ ಕೈಕೆಳಗೆ ಪಳಗಿದರು. ಹೆಂಗಸರ ಕುಸ್ತಿ ಎಂಬುದೇ ನಮ್ಮ ದೇಶದಲ್ಲಿ ಇಲ್ಲದ ಕಾಲ ಅದು. ಜೊತೆಗಾರ್ತಿಯರಿಲ್ಲ, ಹಾಗಾಗಿ ಗಂಡಸರ ಎದುರೇ ಕಣಕ್ಕೆ ಇಳಿಯಬೇಕು. 1940 ಮತ್ತು 50ರ ದಶಕಗಳಲ್ಲಿ ಹಮೀದಾ ಹಾಗೆಯೇ ಇಳಿದರು. ಪತ್ರಿಕೆಗಳು ಅವರಿಗೆ ಅಲಿಗಢದ ಅಮೆಜಾನ್ ಅಂತ ಹೆಸರಿಟ್ಟವು. ಈಗಿನ ಮಕ್ಕಳು ಸಾಮಾನು ತರಿಸುವ ಕಂಪನಿ ಅಂದ್ಕೊಂಡಾರು. ಹಳೇ ಗ್ರೀಕರ ಕಥೆಗಳಲ್ಲಿ ಬರುವ, ಯುದ್ಧ ಮಾಡುವ ಹೆಂಗಸರ ಹೆಸರು ಅದು.

ಎತ್ತರ 5 ಅಡಿ 3 ಇಂಚು, ತೂಕ 108 ಕೆ.ಜಿ. ಅವರ ಊಟದ ಪಟ್ಟಿಯೂ ಆಗ ಪತ್ರಿಕೆಯ ಸುದ್ದಿಯೇ. ದಿನಕ್ಕೆ ಐದೂವರೆ ಲೀಟರಿಗೂ ಮಿಕ್ಕಿ ಹಾಲು, ಮೂರು ಲೀಟರಿನ ಹತ್ತಿರ ಸೂಪು, ಹಣ್ಣಿನ ರಸ, ಒಂದು ಇಡೀ ಕೋಳಿ, ಒಂದು ಕೆ.ಜಿ.ಯಷ್ಟು ಕುರಿಮಾಂಸ, ಅರ್ಧ ಕೆ.ಜಿ. ಬೆಣ್ಣೆ, ಬಾದಾಮಿ, 6 ಮೊಟ್ಟೆ, ಎರಡು ದೊಡ್ಡ ಬ್ರೆಡ್ಡು, ಅದರ ಮೇಲೆ ಎರಡು ಪ್ಲೇಟು ಬಿರಿಯಾನಿ. ಶಿರಾ ಸೀಮೆ ಕುರಿಗೆ ಹೆಸರಾದದ್ದು. ಇಲ್ಲಿನ ಮಾಂಸದಂಗಡಿಯವರಿಗೆ ಈ ಪಟ್ಟಿ ಓದಿ ಹೇಳಿದಾಗ ಅಂಥ ಒಂದು ಗಿರಾಕಿ ಸಿಕ್ಕಿದ್ರೆ ಸಾಕಿತ್ತು ಅಂದ್ರು! ನಗುವ ಮಾತು ಹೌದು. ಆದರೆ ಉಂಡು ಕುಳಿತವರಲ್ಲ ಅವರು. ದಿನಕ್ಕೆ ಆರು ಗಂಟೆ ಕಸರತ್ತು, ಒಂಬತ್ತು ಗಂಟೆ ನಿದ್ದೆ. ಉಳಿದ ಹೊತ್ತು ಉಣ್ಣಲಿಕ್ಕೇ ಬೇಕಿತ್ತೇನೋ.

1944ರಲ್ಲಿ ಮುಂಬಯಿಯಲ್ಲಿ ಗೂಂಗಾ ಪೈಲ್ವಾನನ ಎದುರು ಪಂದ್ಯ ಗೊತ್ತಾಗಿತ್ತು. ನೋಡಲಿಕ್ಕೆ 20,000 ಜನ ಸೇರಿದ್ರಂತೆ. ಕೊನೇ ಗಳಿಗೆಯಲ್ಲಿ ಗೂಂಗಾ ಇನ್ನೂ ಹಣ ಬೇಕು, ತಯಾರಿಗೆ ಇನ್ನೂ ಸಮಯ ಬೇಕು ಅಂದದ್ದರಿಂದ ಪಂದ್ಯ ನಿಂತುಹೋಯ್ತು. ಸಿಟ್ಟಿಗೆದ್ದ ಜನ ಕ್ರೀಡಾಂಗಣದಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಒಡೆದು ಹಾಕಿದ್ರು. ಹೆಂಗಸೊಬ್ಬರ ಕುಸ್ತಿ ನೋಡಲಿಕ್ಕೆ ಅಷ್ಟು ಜನ!

ಹತ್ತು ವರ್ಷ ಕಳೆದು, 1954ರ ಫೆಬ್ರವರಿಯಲ್ಲಿ ಹಮೀದಾ ಒಂದು ಸವಾಲು ಹಾಕಿದರು. ಕುಸ್ತಿಯಲ್ಲಿ ತಮ್ಮನ್ನು ಸೋಲಿಸಿದವರನ್ನೇ ಮದುವೆಯಾಗುವುದು ಅಂತ. ಪಟಿಯಾಲದ ಒಬ್ಬ, ಕೊಲ್ಕತ್ತಾದ ಇನ್ನೊಬ್ಬ, ಇಬ್ಬರೂ ಮಣ್ಣು ಮುಕ್ಕಿದರು. ಮೇ ತಿಂಗಳಲ್ಲಿ ಬರೋಡಾದ ಸರದಿ. ಊರಿಡೀ ವಾಹನಗಳ ಮೇಲೆ ಬ್ಯಾನರು, ಪೋಸ್ಟರು. ಅಲ್ಲಿ ಮೊದಲು ಗೊತ್ತಾಗಿದ್ದದ್ದು ಬರೋಡಾ ಮಹಾರಾಜರ ಆಶ್ರಯದ ಛೋಟೆ ಗಾಮಾ. ಆತ ಹೆಂಗಸಿನ ಜೊತೆ ಕುಸ್ತಿ ಮಾಡುವುದಿಲ್ಲ ಅಂತ ಹಿಂದೆ ಸರಿದ. ಬದಲಿಗೆ ಬಂದದ್ದು ಬಾಬಾ ಪೈಲ್ವಾನ್. ಪಂದ್ಯ ಮುಗಿಯಲಿಕ್ಕೆ ಹಿಡಿದದ್ದು 1 ನಿಮಿಷ 34 ಸೆಕೆಂಡು. ಬಾಬಾ ಪೈಲ್ವಾನ್ ಆಮೇಲೆ ಕುಸ್ತಿಯನ್ನೇ ಬಿಟ್ಟ. ಅಷ್ಟರೊಳಗೆ 300ಕ್ಕೂ ಹೆಚ್ಚು ಪಂದ್ಯ ಗೆದ್ದಿದ್ದೇನೆ ಅನ್ನುವುದು ಹಮೀದಾ ಹೇಳಿಕೊಂಡ ಲೆಕ್ಕ.

ಈ ಲೆಕ್ಕವನ್ನು ಎಲ್ಲರೂ ಒಪ್ಪಿದರು ಅಂತ ಅಲ್ಲ. ಮೊದಲೇ ಮಾತಾಡಿಕೊಂಡು ಆಡುವ ಸುಳ್ಳು ಕುಸ್ತಿ ಅಂತ ದೂರಿದವರು ಬಹಳ. ಪುಣೆಯಲ್ಲಿ ರಾಮಚಂದ್ರ ಸಾಳುಂಕೆ ಎಂಬ ಪೈಲ್ವಾನನ ಜೊತೆಗಿನ ಪಂದ್ಯವನ್ನು ಅಲ್ಲಿನ ಕುಸ್ತಿ ಸಂಘದವರು ತಡೆದರು. ಮಹಾರಾಷ್ಟ್ರದ ಇನ್ನೊಂದು ಕಡೆ ಗಂಡಸನ್ನು ಸೋಲಿಸಿದ್ದಕ್ಕೆ ಜನ ಕೂಗಾಡಿ ಕಲ್ಲು ಹೊಡೆದರು, ಪೊಲೀಸರು ಬಂದು ಸಂಭಾಳಿಸಬೇಕಾಯ್ತು. ಹಮೀದಾ ಸುಮ್ಮನೆ ಕೂರಲಿಲ್ಲ. ಆಗ ಬೊಂಬಾಯಿ ರಾಜ್ಯದ ಮುಖ್ಯಮಂತ್ರಿಯಾಗಿದ್ದ ಮೊರಾರ್ಜಿ ದೇಸಾಯಿಯವರಿಗೇ ದೂರು ಬರೆದರು. ಹೆಂಗಸು ಅನ್ನುವ ಕಾರಣಕ್ಕೆ ತಡೆದದ್ದಲ್ಲ, ಪಂದ್ಯ ನಡೆಸುವವರು ಡಮ್ಮಿ ಪೈಲ್ವಾನರನ್ನು ನಿಲ್ಲಿಸುತ್ತಾರೆ ಅಂತ ದೂರು ಬಂದಿದೆ ಅನ್ನುವ ಅರ್ಥದ ಉತ್ತರ ಬಂತು.

ನಮಗೆ ಅನಿಸುವುದು ಇಷ್ಟು. ಟಿಕೆಟ್ ಮಾರಿ ಕುಸ್ತಿ ನಡೆಸುವವರಲ್ಲಿ ಮೋಸ ಇದ್ದಿರಬಹುದು, ಗಂಡಸರ ಪಂದ್ಯಗಳಲ್ಲೂ ಅದು ಇರುತ್ತದೆ. ಆದರೆ ಗಂಡಸು ಗೆದ್ದಾಗ ಬರದ ಸಂಶಯ ಹೆಂಗಸು ಗೆದ್ದಾಗಲೇ ಯಾಕೆ ಬರಬೇಕು? ಕಲ್ಲು ಹೊಡೆದವರು ಸುಳ್ಳು ಕುಸ್ತಿಗೆ ಹೊಡೆದರೋ, ಸೋತ ಗಂಡಸಿನ ಮರ್ಯಾದೆಗೆ ಹೊಡೆದರೋ?

ಅದೇ 1954ರಲ್ಲಿ ಮುಂಬಯಿಯಲ್ಲಿ ರಷ್ಯಾದ ವೆರಾ ಚಿಸ್ಟಿಲಿನ್ ಎಂಬಾಕೆ ಎದುರಾದರು. ಹೆಣ್ಣು ಕರಡಿ ಅಂತ ಆಕೆಗೆ ಹೆಸರಿತ್ತು. ಒಂದು ನಿಮಿಷವೂ ಆಗಲಿಲ್ಲ, ಹಮೀದಾ ಗೆದ್ದರು. ಮುಂದೆ ಯುರೋಪಿಗೆ ಹೋಗಿ ಅಲ್ಲಿನವರ ಜೊತೆ ಕಾದಾಡುವುದು ಅಂತ ಹೇಳಿಕೆಯೂ ಕೊಟ್ಟರು. ಆದರೆ ಯುರೋಪಿನ ಪ್ರಯಾಣ ಆಗಲೇ ಇಲ್ಲ. ಅದಾದ ಮೇಲೆ ಕುಸ್ತಿಯ ಸುದ್ದಿಗಳಿಂದಲೇ ಆ ಹೆಸರು ಮಾಯವಾಯ್ತು.

ಕಾರಣವನ್ನು ಹೇಳಿದವರು ಅವರ ಮೊಮ್ಮಗ. ಹಮೀದಾ ಸಾಕಿದ ಮಗನ ಮಗ, ಕೊನೆವರೆಗೆ ಅವರ ಜೊತೆಗಿದ್ದವರು. ಅವರು ಹೇಳುವಂತೆ, ಹಮೀದಾ ಯುರೋಪಿಗೆ ಹೋಗುವುದು ಸಲಾಂ ಪೈಲ್ವಾನನಿಗೆ ಇಷ್ಟ ಇರಲಿಲ್ಲ. ತಡೆಯಲಿಕ್ಕೆ ಹೊಡೆದ, ಕೈ ಮುರಿದ. ಕಾಲಿಗೂ ಪೆಟ್ಟಾಗಿ ಎದ್ದು ನಿಲ್ಲಲಿಕ್ಕೇ ಆಗುತ್ತಿರಲಿಲ್ಲ, ವರ್ಷಗಟ್ಟಲೆ ಕೋಲು ಹಿಡಿದೇ ನಡೆದರು ಅಂತ ನೆರೆಯವರೂ ಹೇಳಿದ್ದಾರೆ. ಇಬ್ಬರಿಗೂ ನಿಕಾಹ್ ಆಗಿತ್ತು ಅನ್ನುವುದು ಸಲಾಂನ ಮಗಳ ಮಾತು, ಆಗಿರಲಿಲ್ಲ ಅನ್ನುವುದು ಈ ಮೊಮ್ಮಗನ ಮಾತು. ಆ ವಾದಕ್ಕೆ ನಾವು ಹೋಗುವುದಿಲ್ಲ.

ಆದರೆ ಒಂದು ವಿಷಯ ಮನಸ್ಸಿನಿಂದ ಹೋಗುತ್ತಿಲ್ಲ. ಆ ಕಡೆ ಅಖಾಡದಲ್ಲಿ ಪಟ್ಟು ಕಲಿಸುವವನನ್ನು ಉಸ್ತಾದ್ ಅಂತಲೇ ಕರೆಯುವುದು. ಆ ಹುಡುಗಿ ನಮ್ಮನ್ನು ಕರೆಯುವುದೂ ಅದೇ ಹೆಸರಲ್ಲಿ. ಎದುರಾಳಿಗಳು ನೂರಾರು ಮಂದಿ ಬಂದು ಹೋದರು, ಯಾರಿಂದಲೂ ಮುರಿಯಲಿಕ್ಕೆ ಆಗದ ಕೈ ಅದು. ಮುರಿದದ್ದು ಕಲಿಸಿದವನಿಂದ. ಹುಡುಗಿಗೆ ಹಮೀದಾರ ಊಟದ ಪಟ್ಟಿ ಹೇಳಿದೆವು, ಬರೋಡಾದ ಪಂದ್ಯ ಹೇಳಿದೆವು, ಬಾಯಿ ಬಿಟ್ಟುಕೊಂಡು ಕೇಳಿದಳು. ಈ ಭಾಗ ಹೇಳುವಾಗ ಮಾತ್ರ ನಮ್ಮ ನಾಲಗೆ ತಡವರಿಸಿತು. ಹೇಳದೆ ಬಿಡಲಿಲ್ಲ.

ಮುಂಬಯಿಯ ಹತ್ತಿರದ ಕಲ್ಯಾಣದಲ್ಲಿ ಅವರಿಗೆ ಹಾಲಿನ ವ್ಯಾಪಾರ ಇತ್ತು. ಸಲಾಂ ಪೈಲ್ವಾನ್ ಅಲಿಗಢಕ್ಕೆ ವಾಪಸು ಹೋದ ಮೇಲೂ ಹಮೀದಾ ಅಲ್ಲೇ ಉಳಿದರು. ಕಟ್ಟಿದ್ದ ಒಂದೆರಡು ಕೋಣೆಗಳ ಬಾಡಿಗೆ, ಎಮ್ಮೆ ಹಾಲು, ಇವೇ ಜೀವನ. ಕೈ ಖಾಲಿಯಾದಾಗ ಮನೆಯಲ್ಲಿ ತಿಂಡಿ ಮಾಡಿ ರಸ್ತೆ ಬದಿಯಲ್ಲಿ ಮಾರಿದರು. ಒಂದು ಕಾಲಕ್ಕೆ ಪತ್ರಿಕೆಗಳು ಅವರ ಊಟವನ್ನೂ ಲೆಕ್ಕ ಹಾಕಿ ಬರೆದಿದ್ದವು. ಈಗ ಹಾಲು ಅಳೆದು ಕೊಡುವ ಈ ಮುದುಕಿ ಯಾರು ಅಂತ ಕೇಳಿದವರು ಕಡಿಮೆ. 1986ರಲ್ಲಿ ಅವರು ತೀರಿಕೊಂಡರು.